ತೆಗೆದೆ

ಮಾರ್ಚ್ 4, ಸೋಮವಾರ

ಮತ್ತೆ ಓವರ್ ಎಕ್ಸ್‌ಪೋಸ್. ಆಕಾಶ ಪೂರ್ತಿ ಬಿಳಿ. ಫೋಟೋಗ್ರಫಿ ಮೇಡಂ ಸ್ಕ್ರೀನ್ ನೋಡಿ, "ಏನಮ್ಮಾ, ಮೋಡಕ್ಕೆಲ್ಲ ಸುಣ್ಣ ಹೊಡೆದಿದೀಯಾ?" ಅಂದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನೂ ನಕ್ಕೆ. ಇನ್ನೇನು ಮಾಡಲಿ.

ಈ ಸಲದ ಅಸೈನ್‌ಮೆಂಟ್ — ಕೆಲಸದ ಜಾಗದಲ್ಲಿ ಒಬ್ಬ ಮನುಷ್ಯ. ಪೋಸ್ ಕೊಟ್ಟಿರಬಾರದು. ಹಿಂದಿನ ಬೆಂಚಿನವಳು ಕೇಳಿದಳು, ಅವರನ್ನು ಕೇಳದೆ ಹೇಗೆ ತೆಗೆಯುವುದು ಅಂತ. "ಮೊದಲೇ ಕೇಳಿದ್ರೆ ಎಲ್ಲರೂ ಮುಖಕ್ಕೆ ಇಸ್ತ್ರಿ ಹಾಕ್ಕೊಂಡು ನಿಲ್ತಾರೆ. ಮೊದಲು ತೆಗಿ, ಆಮೇಲೆ ಕೇಳು. ಆದ್ರೆ ಕೇಳ್ಲೇಬೇಕು. ಬೇಡ ಅಂದ್ರೆ ಅವರೆದುರಿಗೇ ಡಿಲೀಟ್." ಬರೆದುಕೊಂಡೆ. ಕೊನೆಯ ಮಾತಿಗೆ ಅಡಿಗೆರೆ ಕೂಡ ಎಳೆದೆ. ಜಾಣೆ!

ಸಂಜೆ ಬಸ್ ಸ್ಟಾಪಿನಲ್ಲಿ ಚಪ್ಪಲಿ ಹೊಲಿಯುವವರದ್ದು ತೆಗೆದೆ. ಚಪ್ಪಲಿ ಫೋಕಸ್‌ನಲ್ಲಿದೆ, ಮನುಷ್ಯ ಇಲ್ಲ.

ಮನೆಗೆ ಬಂದಾಗ ಚಿಕ್ಕಪ್ಪ ಯೂನಿಫಾರ್ಮ್ ಇಸ್ತ್ರಿ ಮಾಡುತ್ತಿದ್ದ. ಹಾಸಿಗೆ ಶೋರೂಮಿನಲ್ಲಿ ಸೆಕ್ಯೂರಿಟಿ ಆಗಿ ಸೇರಿದಾಗಿನಿಂದ ಕಾಲರಿಗೆ ಎರಡೆರಡು ಸಲ ಇಸ್ತ್ರಿ. ಅದಕ್ಕೆ ಮುಂಚೆ ಕೆಲಸವಿಲ್ಲದೆ ಮನೆಯಲ್ಲೇ ಇದ್ದ. ತಟ್ಟೆ ಮುಂದೆ ಕೂತಾಗಲೆಲ್ಲ ಅಪ್ಪನದು ಅದೇ ಗಾದೆ, ಕೂತು ತಿನ್ನೋನಿಗೆ ಕುಡಿಕೆ ಹೊನ್ನೂ ಸಾಲದು ಅಂತ. ಈಗ ಅಪ್ಪನೇ "ಹೇಗಿತ್ತೋ ಇವತ್ತು?" ಅಂತ ತಮ್ಮನನ್ನು ಕೇಳುತ್ತಾರೆ. ಪೇಪರ್ ಕೂಡ ಮೊದಲು ಅವನಿಗೆ. ಇಷ್ಟಕ್ಕೇ ಚಿಕ್ಕಪ್ಪನ ಬೆನ್ನು ನೆಟ್ಟಗಾಗಿದೆ.

ಮಾರ್ಚ್ 6, ಬುಧವಾರ

ಇವತ್ತು ರಾತ್ರಿ ಅಜ್ಜಿಯ ಪಕ್ಕ ನನ್ನ ಸರದಿ. ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡ ಮೇಲೂ ಅಜ್ಜಿ ನಿದ್ದೆಗಣ್ಣಲ್ಲಿ ಎದ್ದು ಹೊರಟುಬಿಡುತ್ತಾಳೆ. ಯಾರಾದರೂ ಎಚ್ಚರ ಇರಲೇಬೇಕು. ಆದರೆ ನಾಳೆ ಬೆಳಗಿನ ಮೊದಲ ಬೆಳಕಿಗೆ ನಾನು ಮಾರುಕಟ್ಟೆಯಲ್ಲಿರಬೇಕು. ಚಿಕ್ಕಪ್ಪನ ಹತ್ತಿರ ರಾಗ ಎಳೆದೆ.

"ಹೋಗು, ಮಲಕ್ಕೋ ಹೋಗು ಮರಿ. ನಿನ್ನ ಕಣ್ಣು ಕೆಂಪಾದ್ರೆ ಫೋಟೋನೂ ಕೆಂಪಾಗಿ ಬರುತ್ತೆ."

ನಿನ್ನೆಯೂ ಅವನೇ ಕೂತಿದ್ದ. ನನಗೆ ಗೊತ್ತಿತ್ತು. ಆದರೂ ಥ್ಯಾಂಕ್ಸ್ ಹೇಳಿ ಬಂದೆ.

ಮಾರ್ಚ್ 7, ಗುರುವಾರ

ಮಾರುಕಟ್ಟೆಯದ್ದು ಒಂದೂ ಬರಲಿಲ್ಲ. ಶಟರ್ ಸ್ಪೀಡ್ ಮರೆತಿದ್ದೆ, ತರಕಾರಿಯವರೆಲ್ಲ ದೆವ್ವಗಳ ಥರ ಅಲ್ಲಾಡಿದ್ದಾರೆ. ಅಳು ಬಂತು.

ಮಧ್ಯಾಹ್ನ ಅಮ್ಮನ ಫೋನ್. ಚಿಕ್ಕಪ್ಪ ಊಟದ ಡಬ್ಬಿ ಬಿಟ್ಟು ಹೋಗಿದ್ದಾನೆ, ಕೊಟ್ಟು ಬಾ ಅಂತ. ಕೊಡಲು ಹೋದೆ. ಶೋರೂಮಿನಲ್ಲಿ ಗಿರಾಕಿಗಳೇ ಇಲ್ಲ. ಸಾಲು ಸಾಲು ಹಾಸಿಗೆ, ಉಬ್ಬಿದ ದಿಂಬುಗಳು. ಇಷ್ಟರ ನಡುವೆ ಒಂದು ಗಿಡ್ಡ ಸ್ಟೂಲ್. ಅದರ ಮೇಲೆ ಚಿಕ್ಕಪ್ಪ — ಟೋಪಿ ತೊಡೆಯ ಮೇಲೆ, ತಲೆ ಕಂಬಕ್ಕೆ, ಬಾಯಿ ಸ್ವಲ್ಪ ತೆರೆದಿದೆ. ಹಿಂದೆ ದೊಡ್ಡ ಬೋರ್ಡು: 'ನಿಮ್ಮ ನಿದ್ದೆ, ನಮ್ಮ ಜವಾಬ್ದಾರಿ'. ಗಾಜಿನಿಂದ ಬಂದ ಬೆಳಕು ಸರಿಯಾಗಿ ಅವನ ಕೆನ್ನೆಯ ಮೇಲೆ. ಡಬ್ಬಿ ಕೆಳಗಿಟ್ಟೆ. ಉಸಿರು ಬಿಗಿಹಿಡಿದೆ. ಕ್ಲಿಕ್.

ಆ ಸದ್ದಿಗೇ ಎದ್ದುಬಿಟ್ಟ. "ಬನ್ನಿ ಸಾರ್!" ಅಂತ ನನಗೇ ಸಲ್ಯೂಟ್ ಹೊಡೆದ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆಮೇಲೆ ಅವನ ಮುಖ ಸಣ್ಣದಾಯಿತು.

"ಮರಿ, ಮಾಲೀಕರ ಕಣ್ಣಿಗೆ ಬಿದ್ರೆ ನನ್ನ ಕಥೆ ಮುಗೀತು. ತೆಗಿ ಅದನ್ನ."

ಬಟನ್ ಒತ್ತಿದೆ. ಫೋಟೋ ಸ್ಕ್ರೀನ್ ಮೇಲೆ ಬಂತು. ಅಬ್ಬಾ! ಇಷ್ಟು ದಿನದಲ್ಲಿ ಇಂಥದ್ದು ಒಂದೂ ಬಂದಿರಲಿಲ್ಲ. ಅಷ್ಟರಲ್ಲಿ ಗಂಡ ಹೆಂಡತಿ ಯಾರೋ ಬಂದರು. ಚಿಕ್ಕಪ್ಪ ಬಾಗಿಲು ತೆಗೆಯಲು ಓಡಿದ. ಅಲ್ಲಿಂದಲೇ ಕೇಳಿದ, "ತೆಗೆದ್ಯಾ?"

"ತೆಗೆದೆ."

ಫೋಟೋ ತೆಗೆದಿದ್ದಂತೂ ನಿಜ ತಾನೇ. ಸುಳ್ಳೇನೂ ಹೇಳಿಲ್ಲವಲ್ಲ… ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ನೋಡಿಕೊಂಡು ಬಂದೆ.

ಮಾರ್ಚ್ 11, ಸೋಮವಾರ

ಕೊಟ್ಟುಬಿಟ್ಟೆ. ಕಪ್ಪು ಬಿಳುಪು ಮಾಡಿ. ಮೇಡಂ ಸ್ಕ್ರೀನ್ ಹತ್ತಿರ ಹೋಗಿ ನೋಡಿದರು. ಆಮೇಲೆ ಕ್ಲಾಸಿಗೆ ತಿರುಗಿ, "ಇದು ನೋಡಿ ಫೋಟೋ ಅಂದ್ರೆ," ಅಂದರು. ಮೈಯೆಲ್ಲ ಬೆಚ್ಚಗಾಯಿತು.

"ಯಾರಿವರು? ಕೇಳಿದ್ಯಾ?"

"ಗುರುತಿನವರು ಮೇಡಂ. 'ತೆಗಿ' ಅಂದ್ರು."

ಅಕ್ಷರಶಃ ಅವನ ಮಾತೇ. ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ. ಹಾಗಿದ್ದರೆ ಸಂಜೆಯಿಂದ ಚಿಕ್ಕಪ್ಪನ ಮುಖ ನೋಡಲು ಯಾಕೆ ಆಗುತ್ತಿಲ್ಲ?

ಮಾರ್ಚ್ 13, ಬುಧವಾರ

ಕಾಲೇಜಿನ ಕಾರಿಡಾರಿನಲ್ಲಿ ದೊಡ್ಡದಾಗಿ ಹಾಕಿದ್ದಾರೆ. ಕಾಲೇಜಿನ ಪೇಜಿನಲ್ಲೂ. ಕೆಳಗೆ ಬರೀ ನಗುವ ಮುಖಗಳು. ಎಲ್ಲರೂ ಹಂಚಿಕೊಳ್ಳುತ್ತಿದ್ದಾರೆ. ಒಬ್ಬ ಬರೆದಿದ್ದಾನೆ, ಇಂಥ ಜಾಹೀರಾತು ಇನ್ನೆಲ್ಲಿ ಸಿಗುತ್ತೆ ಅಂತ. ಶೋರೂಮಿನ ಹೆಸರನ್ನೂ ಟ್ಯಾಗ್ ಮಾಡಿದ್ದಾನೆ. ಅದನ್ನು ನೋಡಿದ್ದೇ ಫೋನ್ ಮಗುಚಿಟ್ಟೆ.

ಮನೆಯಲ್ಲಿ ಚಿಕ್ಕಪ್ಪನ ಜೋಕು: "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನನ್ನ ಸುತ್ತ ಅಷ್ಟೊಂದು ಹಾಸಿಗೆ, ಕಾಲು ಚಾಚೋ ಹಾಗೇ ಇಲ್ಲ ನೋಡು!" ಅಪ್ಪ ಕೂಡ ನಕ್ಕರು. ನಾನು ಅರ್ಧ ಊಟಕ್ಕೇ ತಟ್ಟೆ ಎತ್ತಿದೆ.

ನಾಳೆ ಮೇಡಂಗೆ ಹೇಳುತ್ತೇನೆ.

ಮಾರ್ಚ್ 16, ಶನಿವಾರ

ಮೇಡಂ ರಜೆಯಲ್ಲಿದ್ದಾರೆ. ಫೋನ್ ಮಾಡಬಹುದಿತ್ತು. ಮಾಡಲಿಲ್ಲ.

ಮಾರ್ಚ್ 19, ಮಂಗಳವಾರ

ಚಿಕ್ಕಪ್ಪ ಮಧ್ಯಾಹ್ನವೇ ಬಂದುಬಿಟ್ಟ. ಯೂನಿಫಾರ್ಮ್ ಇಲ್ಲ. ಅಲ್ಲೇ ಬಿಚ್ಚಿಸಿಕೊಂಡರಂತೆ. ಮೈಮೇಲೆ ಯಾರದೋ ಅಂಗಿ, ತೋಳು ಉದ್ದ.

"ಇದೇನೋ ಇದು?" ಅಂದಳು ಅಮ್ಮ.

"ತೆಗೆದ್ರು ಅತ್ತಿಗೆ."

"ಏನು ತೆಗೆದ್ರು?"

"ನನ್ನನ್ನ. ಯಾರೋ ಪುಣ್ಯಾತ್ಮ ನಾನು ತೂಕಡಿಸೋವಾಗ ಫೋಟೋ ತೆಗೆದ. ಅದನ್ನ ನೋಡಿ ಮಾಲೀಕರು ಕೆಲಸದಿಂದ ತೆಗೆದ್ರು. ಒಟ್ಟಿನಲ್ಲಿ ಎಲ್ಲರೂ ಸೇರಿ ನನ್ನನ್ನ ತೆಗೆದ್ರು." ಅಂದು ತಾನೇ ನಕ್ಕ. ಬೇರೆ ಯಾರೂ ನಗಲಿಲ್ಲ.

ಅಮ್ಮ ನನ್ನ ಕಡೆ ತಿರುಗಿದಳು. "ನೀನು ಹೊತ್ಕೊಂಡು ತಿರುಗೋದೂ ಕ್ಯಾಮೆರಾನೇ ಅಲ್ವೇನೇ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗೇ ಕ್ಯಾಮೆರಾ ಬ್ಯಾಗಿನ ಜಿಪ್ ಮೇಲೆ ಹೋಯಿತು.

"ಛೆ ಛೆ, ಅವಳ ಮೇಲೆ ಯಾಕೆ ಹೋಗ್ತೀರಿ ಅತ್ತಿಗೆ?" ಚಿಕ್ಕಪ್ಪನೇ ಅಡ್ಡ ಬಂದ. "ಅವಳೂ ಒಂದು ತೆಗೆದಿದ್ಲು, ಇಲ್ಲ ಅನ್ನಲ್ಲ. ನಾನು ಹೇಳಿದ ತಕ್ಷಣ ಅದನ್ನ ತೆಗೆದುಬಿಟ್ಲು. ಮಾಲೀಕರು ತೋರಿಸಿದ್ದು ಕಪ್ಪು ಬಿಳುಪು. ಇವಳದು ಕಲರ್. ಅಲ್ವಾ ಮರಿ?"

"ಹೂಂ."

ಈ 'ಹೂಂ'ಗೆ ಎರಡು ಅರ್ಥ ಇಲ್ಲ. ಶುದ್ಧ ಸುಳ್ಳು.

ಊಟಕ್ಕೆ ಕೂತಾಗ ಅಪ್ಪ ಏನೂ ಕೇಳಲಿಲ್ಲ. ಕೊನೆಗೆ ಕೈ ತೊಳೆಯುತ್ತ, "ನಿದ್ದೆ ಹೊಡೆಯೋಕೂ ಸಂಬಳ ಕೊಡ್ಬೇಕಾಗಿತ್ತೇನೋ," ಅಂದರು. ಅಜ್ಜಿಯ ಪಕ್ಕ ನನ್ನ ಸರದಿಗೂ ತಾನೇ ಕೂತಿದ್ದೆ ಅಂತ ಚಿಕ್ಕಪ್ಪ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಅವನ ನಿದ್ದೆ ತಿಂದವಳು ನಾನೇ, ಅದನ್ನೇ ಫೋಟೋ ಮಾಡಿ ಮಾರ್ಕ್ಸ್ ತಗೊಂಡವಳೂ ನಾನೇ. ಥೂ.

ಮಾರ್ಚ್ 20, ಬುಧವಾರ

ಮೇಡಂ ಹತ್ತಿರ ಹೋಗಿ ಫೋಟೋ ತೆಗೆಸಿ ಅಂದೆ. ಯಾಕೆ ಅಂದರು. ಅವರು ನನ್ನ ಚಿಕ್ಕಪ್ಪ, ಕೆಲಸ ಹೋಯಿತು ಅಂದೆ.

"'ತೆಗಿ' ಅಂದ್ರು ಅಂತ ಹೇಳಿದ್ಯಲ್ಲಮ್ಮಾ?"

"ಅಂದ್ರು ಮೇಡಂ… ಡಿಲೀಟ್ ಮಾಡು ಅಂತ ಅಂದಿದ್ದು."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹೋಗಿ ತಾವೇ ಗೋಡೆಯಿಂದ ಪ್ರಿಂಟ್ ಬಿಡಿಸಿ ಸುರುಳಿ ಸುತ್ತಿ ನನ್ನ ಕೈಗೆ ಕೊಟ್ಟರು. "ಪೇಜಿಂದ ನಾನು ತೆಗೆಸ್ತೀನಿ. ಮನೆಗೆ ಹೋಗಿ ಹೇಳು. ಇವತ್ತೇ." ಆ ಶೋರೂಮಿಗೂ ತಾವೇ ಹೋಗಿ ಮಾತಾಡುತ್ತಾರಂತೆ, ಆದರೆ ನಾನು ಮನೆಯಲ್ಲಿ ಹೇಳಿದ ಮೇಲೆ.

ಸುರುಳಿ ಬೀರುವಿನ ಮೇಲಿದೆ. ಇವತ್ತು ಹೇಳಲಿಲ್ಲ.

ಮಾರ್ಚ್ 31, ಭಾನುವಾರ, ಬೆಳಿಗ್ಗೆ

ಇಷ್ಟು ದಿನ ಬರೆಯಲೂ ಇಲ್ಲ, ಹೇಳಲೂ ಇಲ್ಲ. ಮೇಡಂ ಎದುರಾದರೆ ಬೇರೆ ಮೆಟ್ಟಿಲು ಹತ್ತುತ್ತೇನೆ.

ಒಂದು ಗೋದಾಮಿನಲ್ಲಿ ಕೆಲಸ ಖಾಲಿ ಇದೆ ಅಂತ ಚಿಕ್ಕಪ್ಪನಿಗೆ ಗೊತ್ತಾಗಿದೆ. ಅರ್ಜಿಗೆ ಪಾಸ್‌ಪೋರ್ಟ್ ಸೈಜ್ ಫೋಟೋ ಬೇಕು. "ಮನೇಲೇ ಫೋಟೋಗ್ರಾಫರ್ ಇರೋವಾಗ ಸ್ಟುಡಿಯೋಗೆ ಯಾಕೆ ಹೋಗಲಿ?" ಅಂತ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಾಲಿನ ಗೋಡೆಗೆ ಒರಗಿ ಕೂತ. ಮತ್ತೆ ಸ್ಟೂಲ್ ಮೇಲೆ.

"ಕಣ್ಣು ಬಿಟ್ಟಿದೀನಾ ನೋಡೇ. ನಿದ್ದೆ ಮಾಡೋ ಥರ ಬಂದ್ರೆ ಸಿಗೋದಕ್ಕೆ ಮುಂಚೇನೇ ಹೋಗುತ್ತೆ ಕೆಲಸ. ಹೂಂ, ತೆಗಿ."

ತೆಗೆದೆ. ಮೊದಲಿನವು ಹಾಳಾದವು, ಮತ್ತೆ ತೆಗೆದೆ.

ಶೋರೂಮಿನ ಆ ಫೋಟೋ ಕ್ಯಾಮೆರಾ ಕಾರ್ಡಿನಲ್ಲಿ ಇನ್ನೂ ಇದೆ, ಕಲರಿನಲ್ಲೇ. ಡಿಲೀಟ್ ಮೇಲೆ ಎಷ್ಟೋ ಸಲ ಬೆರಳಿಟ್ಟೆ, ಒತ್ತಲು ಆಗಲಿಲ್ಲ. ಇವತ್ತಂತೂ ಒತ್ತಬಾರದು ಅಂತಲೇ ಬಿಟ್ಟೆ. ಕ್ಯಾಮೆರಾ ಅವನ ಕೈಗೆ ಕೊಟ್ಟು, ಈ ಬಟನ್ ಒತ್ತಿದರೆ ಹಿಂದಿನದು ಬರುತ್ತೆ, ನಿನಗೆ ಬೇಕಾದ್ದು ಆರಿಸಿಕೋ ಅಂದು ರೂಮಿಗೆ ಬಂದು ಇದನ್ನು ಬರೆಯುತ್ತ ಕೂತಿದ್ದೇನೆ. ಬಾಯಲ್ಲಿ ಆಗದ್ದು ಬಟನ್ನಿನಲ್ಲಾದರೂ ಆಗಲಿ. ಹೇಡಿ ನಾನು.

ಹಾಲಿನಿಂದ ಅವನ ಮಾತು ಕೇಳಿಸುತ್ತಿದೆ.

"ಇದ್ರಲ್ಲಿ ಕಳ್ಳನ ಥರ ಇದೀನಿ… ಇದು ಪರವಾಗಿಲ್ಲ…"

"ಇದು ಅಮ್ಮನ ಕೈ ಅಲ್ವೇನೇ? ಎಷ್ಟು ಚೆನ್ನಾಗಿ ಬಂದಿದೆ!" ಅಜ್ಜಿಯ ಕೈ, ಹೋದ ವಾರದ್ದು.

"ಕಾಗೆ… ಕಾಗೆ… ಮತ್ತೂ ಕಾಗೆ. ಕಾಗೆಗೂ ಪಾಸ್‌ಪೋರ್ಟ್ ಮಾಡಿಸ್ತೀಯಾ?"

ಕಾಗೆ ಆದ ಮೇಲೆ ಅದೇ.

ಬಟನ್ನಿನ ಸದ್ದು ನಿಂತಿತು. ಸ್ಟೂಲ್ ಸರಿದ ಸದ್ದು.

"ಮರಿ." ದನಿ ಮೆತ್ತಗಿದೆ. "ನೀನು ಇದನ್ನ ತೆಗೀಲೇ ಇಲ್ವಾ?"

ಈ ಸಲ ಆ ಪದ ಬೇಡ. ಬೇರೆ ಪದದಲ್ಲಿ ಹೇಳಬೇಕು. ಮೊದಲು ಇಲ್ಲೇ ಬರೆದುಕೊಂಡು ಏಳುತ್ತೇನೆ. ಬಾಗಿಲ ಹತ್ತಿರ ಬಂದಿದ್ದಾನೆ, ಕ್ಯಾಮೆರಾ ಎರಡೂ ಕೈಯಲ್ಲಿ ಹಿಡಿದು. ಚಿಕ್ಕಪ್ಪ, ನಾನು ಅದನ್ನ ಅಳಿಸಲಿಲ್ಲ, ಕಾಲೇಜಿಗೆ ಕೊಟ್ಟವಳೂ ನಾನೇ.