ಇದ್ದಿಲಿನ ತೆರಿಗೆ, ಹನ್ನೆರಡು ಕಂತು

೧೪ ಫೆಬ್ರವರಿ ೧೯೪೪, ಸೋಮವಾರ. ಹೊಸಪೇಟೆ

ಸಂಡೂರಿನಿಂದ ಇದ್ದಿಲು ಇಪ್ಪತ್ತೆರಡು ಚೀಲ ಬಂತು. ಎರಡರಲ್ಲಿ ಬರೀ ಪುಡಿ — ಗಾಡಿಯವನಿಗೇ ವಾಪಸ್ ಕೊಟ್ಟೆ. ಬಳ್ಳಾರಿ ಬಸ್ಸಿನವರು ಎಂಟು ಚೀಲ ಒಯ್ದರು. ಪೆಟ್ರೋಲಿಗೆ ಕಂಟ್ರೋಲ್ ಬಂದಾಗಿನಿಂದ ಬಸ್ಸು ಓಡುವುದೇ ಇದ್ದಿಲಿನ ಗ್ಯಾಸಿನ ಮೇಲೆ. ಯುದ್ಧ ಇರುವವರೆಗೂ ಗಿರಾಕಿಗೆ ಕೊರತೆಯಿಲ್ಲ.

ಮಧ್ಯಾಹ್ನ ಇನ್‌ಕಮ್ ಟ್ಯಾಕ್ಸ್ ನೋಟೀಸು. ಮೂರನೆಯದು. ಎರಡು ವರ್ಷದ ಬಾಕಿ, ಮೂರು ಸಾವಿರದ ಇನ್ನೂರು ರೂಪಾಯಿ. ಮಾರ್ಚ್ ಹದಿನೈದರೊಳಗೆ ಕಟ್ಟಬೇಕು. ಇಲ್ಲವಾದರೆ ಕಲೆಕ್ಟರು, ಅಲ್ಲಿಂದ ತಹಶೀಲ್ದಾರರು, ಅಲ್ಲಿಂದ ಜಪ್ತಿ.

ಕೈಯಲ್ಲಿ ಅಷ್ಟಿಲ್ಲ. ಇದ್ದದ್ದೆಲ್ಲ ಮನೆಯ ಮಹಡಿಗೆ ಹೋಗಿದೆ.

೧೬ ಫೆಬ್ರವರಿ

ಕೊಟ್ರಯ್ಯ ಬಂದಿದ್ದ. ನಮ್ಮ ಲೆಕ್ಕ, ಅರ್ಜಿ ಎಲ್ಲ ಬರೆಯುವವನು ಅವನೇ. ನೋಟೀಸು ಎರಡು ಸಲ ಓದಿದ.

"ಕಂತು ಕೇಳೂಣ್ರಿ. ಕೊಡ್ತಾರ. ಆದ್ರ ಅರ್ಜಿ ಯಾರ ಹೆಸರಿಗೆ? ವ್ಯಾಪಾರ ತಂಗೀದು ಅಂತ ನಾವ ಬರ್ದು ಕೊಟ್ಟೀವಿ."

ನಿಜ. ವ್ಯಾಪಾರ ನನ್ನ ತಂಗಿ ಸಂಗಮ್ಮನದು, ಆಕೆ ಸಂಡೂರು ಸಂಸ್ಥಾನದವಳು, ಬ್ರಿಟಿಷ್ ತೆರಿಗೆ ಆಕೆಗೆ ಬರುವುದಿಲ್ಲ — ಹೀಗೆಂದು ಹೋದ ವರ್ಷ ಬರೆದುಕೊಟ್ಟಿದ್ದೆವು. ಅವರು ನಂಬಿದಂತಿಲ್ಲ. ಈಗ ಮಾತು ಬದಲಿಸಿದರೆ ದಂಡ.

"ಆಕೀನ ಕಂತು ಕೇಳ್ಲಿ. ಜಾಮೀನಿಗೆ ಪಾಪಿನಾಯಕನಹಳ್ಳಿ ಹೊಲ ಐತಲ್ಲ?"

ಎರಡೆಕರೆ. ಸಂಗಮ್ಮನ ಗಂಡ ತೀರಿಕೊಂಡ ಮೇಲೆ ಅಪ್ಪ ಆಕೆಗೆ ಬರೆದುಕೊಟ್ಟದ್ದು. ಆಕೆಯ ಜೀವನ ನಡೆಯುವುದು ಅದರ ಮೇಲೆ. ಕಂತು ತಪ್ಪಿದರೆ ಹರಾಜಾಗುವುದು ಆ ಹೊಲ, ನನ್ನ ಮನೆಯಲ್ಲ.

ಹೇಳಿದ್ದು ಕೊಟ್ರಯ್ಯ. ತಲೆಯಾಡಿಸಿದ್ದು ನಾನು.

೨೭ ಫೆಬ್ರವರಿ. ಸಂಡೂರು

ಬೆಳಗಿನ ಬಸ್ಸಿಗೆ ಬಂದೆ. ಏರಿನಲ್ಲಿ ಗ್ಯಾಸ್ ಸಾಲದೆ ನಿಂತಿತು, ಎಲ್ಲರೂ ಇಳಿದು ನೂಕಿದೆವು. ನಮ್ಮದೇ ಇದ್ದಿಲು.

ಸಂಗಮ್ಮ ಕೇಳಿದ್ದು ಒಂದೇ — "ಹೊಸಪ್ಯಾಟಿಗೆ ಬರಬೇಕೇನು?"

"ಹತ್ತನೇ ತಾರೀಕು. ಟ್ಯಾಕ್ಸ್ ಆಫೀಸರು ಬಂಗಲೇದಾಗ ಕ್ಯಾಂಪ್ ಇರ್ತಾರ. ಒಂದು ಹೆಬ್ಬೆಟ್ಟು, ಅಷ್ಟ."

ಹೊಲದ ಮಾತು ಎತ್ತಲಿಲ್ಲ. ಆಕೆಯೂ ಕೇಳಲಿಲ್ಲ.

೧೦ ಮಾರ್ಚ್, ಶುಕ್ರವಾರ. ಸಂಜೆ ೫

ಮುಗಿಯಿತು. ಆಫೀಸರು ಮದರಾಸಿನ ಕಡೆಯವರು. ಕನ್ನಡ ನಿಧಾನ, ಆದರೆ ಸ್ಪಷ್ಟ. ಸಂಗಮ್ಮನನ್ನು ಕುರ್ಚಿಯ ಮೇಲೆ ಕೂರಿಸಿದರು.

"ಒಂದು ಚೀಲ ಇದ್ದಿಲಿಗೆ ಏನು ರೇಟು ಅಮ್ಮಾ?"

"ಗೊತ್ತಿಲ್ರಿ."

"ತಿಂಗಳಿಗೆ ಎಷ್ಟು ಚೀಲ ಹೋಗುತ್ತದೆ?"

"ಅದೂ ಗೊತ್ತಿಲ್ರಿ. ಅಣ್ಣ ಕಾಗದ ತರ್ತಾನ. ನಾ ಹೆಬ್ಬೆಟ್ಟು ಒತ್ತತೀನಿ."

ಕೊಟ್ರಯ್ಯ ಕೆಮ್ಮಿದ. ಆಫೀಸರು ಅರ್ಜಿಯನ್ನು ಗಟ್ಟಿಯಾಗಿ ಓದಿದರು, ಕೊನೆಯ ಸಾಲಿನವರೆಗೆ. "ದುಡ್ಡು ಕಟ್ಟದಿದ್ದರೆ ನಿಮ್ಮ ಹೊಲ ಹರಾಜು. ಇದು ನಿಮಗೆ ಹೇಳಿದ್ದಾರೆಯೇ?"

ಸಂಗಮ್ಮ ನನ್ನ ಕಡೆ ನೋಡಿದಳು. ಸಿಟ್ಟಿರಲಿಲ್ಲ.

"ಅಣ್ಣ ಒತ್ತು ಅಂದ್ರ ಒತ್ತತೀನ್ರಿ."

ಬ್ಯಾಡ ಎಂದೆ. ವ್ಯಾಪಾರ ನನ್ನದು, ಆದಾಯ ನನ್ನದು, ಹೋದ ವರ್ಷ ಬರೆದುಕೊಟ್ಟದ್ದು ಸುಳ್ಳು ಎಂದೆ.

ದಂಡ ನಾನೂರು. ಒಟ್ಟು ಮೂರು ಸಾವಿರದ ಆರುನೂರು. ತಿಂಗಳಿಗೆ ಮುನ್ನೂರರಂತೆ ಹನ್ನೆರಡು ಕಂತು, ಏಪ್ರಿಲ್ ಹದಿನೈದರಿಂದ. ಒಂದು ತಪ್ಪಿದರೂ ಪೂರ್ತಿ ಬಾಕಿಗೆ ಜಪ್ತಿ. ಜಾಮೀನು — ನನ್ನ ಮನೆ. ಉಚ್ಚೆಂಗಪ್ಪ ಎಂದು ಸಹಿ ಹಾಕಿದೆ.

ಹೊರಗೆ ಕೊಟ್ರಯ್ಯ, "ಕೈಯಾರೆ ಕೆಡಿಸ್ಕೊಂಡ್ರಿ" ಎಂದ. ಸಂಗಮ್ಮ ಊಟಕ್ಕೆ ನಿಲ್ಲಲಿಲ್ಲ. ಎರಡೂವರೆ ಬಸ್ಸಿಗೆ ಹೋದಳು.

೨೭ ಮಾರ್ಚ್

ಯುಗಾದಿ ಆಯಿತು. ಸಂಗಮ್ಮ ಬರಲಿಲ್ಲ. ಹೇಳಿ ಕಳಿಸಿದ್ದೆ.

೧೫ ಏಪ್ರಿಲ್

ಖಜಾನೆಯಲ್ಲಿ ಮೊದಲ ಕಂತು ಕಟ್ಟಿದೆ. ಚಲನ್ ಬರೆಯಲು ಒಂದು ತಾಸು. ಮಹಡಿಯನ್ನು ರೈಲ್ವೆಯ ಒಬ್ಬ ಗುಮಾಸ್ತನಿಗೆ ಬಾಡಿಗೆಗೆ ಕೊಟ್ಟೆ. ತಿಂಗಳಿಗೆ ಹದಿನೆಂಟು.

೧೫ ಮೇ

ಎರಡನೆಯದು. ಗಾಡಿಯ ಒಂದು ಜೋಡಿ ಎತ್ತು ಮಾರಿದೆ.

೧೮ ಮೇ, ಗುರುವಾರ

ಸಂಡೂರಿಗೆ ಹೋಗಿ ಬಂದೆ. ಒಂದು ಸೀರೆ, ಐವತ್ತು ರೂಪಾಯಿ ಒಯ್ದಿದ್ದೆ. ಎರಡು ವರ್ಷ ಆಕೆಯ ಹೆಸರು ಬಳಸಿದ್ದಕ್ಕೆ ಏನಾದರೂ ಕೊಡಬೇಕಲ್ಲ.

ಸಂಗಮ್ಮ ಅದನ್ನು ಮುಟ್ಟಲಿಲ್ಲ. ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ನಾನು ಉಣ್ಣುವಾಗ ಎದುರಿಗೆ ಕುಳಿತು ಕೇಳಿದಳು.

"ಅಣ್ಣಾ, ಹೊಲದ ಮಾತು ಬಿಡು. ಹೋಗಿದ್ರ ಹೋಗ್ತಿತ್ತು. ಅವತ್ತು ನೀ ಎಷ್ಟೊತ್ತು ಸುಮ್ಕ ಇದ್ದಿ, ನೆನಪೈತೇನು?"

"ನೀ ಒತ್ತತೀನಿ ಅಂದ ಕೂಡ್ಲೇ ಬ್ಯಾಡ ಅಂದ್ನೆಲ್ಲ."

"ಇಲ್ಲ."

ಅಷ್ಟೇ. ಇನ್ನೊಂದು ರೊಟ್ಟಿ ಹಾಕಿದಳು. ತಿಂದೆ.

೧೯ ಮೇ. ಬೆಳಿಗ್ಗೆ

ಅಂಗಡಿಗೆ ಇನ್ನೂ ಹೋಗಿಲ್ಲ. ಹಾಳೆ ಹಿಂದಕ್ಕೆ ತಿರುವಿ ಮಾರ್ಚ್ ಹತ್ತರದ್ದನ್ನು ಓದಿದೆ. ಆಕೆ ಒತ್ತುತ್ತೇನೆಂದಳು, ನಾನು ಬ್ಯಾಡ ಎಂದೆ — ಹಾಗೆ ಬರೆದಿದ್ದೇನೆ. ನಡುವೆ ಏನೂ ಇಲ್ಲ. ಯಾರೂ ಓದದ ಪುಸ್ತಕ, ಇದರಲ್ಲೂ ಹಾಗೇ ಬರೆದೆ.

ನಡೆದದ್ದು ಹೀಗೆ. ಒತ್ತುತ್ತೇನೆಂದ ಮೇಲೆ ಆಕೆ ಕಾದಳು. ನಾನು ಕಿಟಕಿಯ ಕಡೆ ನೋಡಿದೆ. ಕೊಟ್ರಯ್ಯ ಶಾಯಿ ಪ್ಯಾಡ್ ಸರಿಸಿದ. ಸಂಗಮ್ಮ ಹೆಬ್ಬೆರಳು ಅದ್ದಿದಳು. ಮತ್ತೊಮ್ಮೆ ನನ್ನನ್ನು ನೋಡಿದಳು. ಬೆರಳು ಅರ್ಜಿಯ ಮೇಲೆ ಬಂತು. ಆಫೀಸರೇ ಕಾಗದವನ್ನು ಹಿಂದಕ್ಕೆ ಎಳೆದುಕೊಂಡರು. ಎಳೆದುಕೊಂಡು ನನ್ನ ಮುಖ ನೋಡಿದರು.

ನಾನು ಬ್ಯಾಡ ಎಂದದ್ದು ಆಗ.