ಸೋಸದ ನೀರು

ಕೆಂಟ್
ಮಾರ್ಚ್ ೧೨, ೨೦೨೫

ನನ್ನ ಪುಟ್ಟಿ ನಿಸರ್ಗಳಿಗೆ ಅಮ್ಮನ ಮುದ್ದು.

ನಾನೂ ನಿಮ್ಮಪ್ಪನೂ ಇಲ್ಲಿ ಚೆನ್ನಾಗಿದ್ದೇವೆ. ಬರೆಯುವುದು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ಏನಾದರೂ ಕೆದಕಿ ಕೇಳಿದರೆ "ನೆಟ್‌ವರ್ಕ್ ಹೋಗ್ತಿದೆ ಅಮ್ಮ" ಎಂದು ಜಾರಿಕೊಳ್ಳುತ್ತೀಯ. ಕಾಗದದಿಂದ ಹೇಗೆ ಜಾರುತ್ತೀಯೋ ನೋಡೋಣ ಎಂದು ಕುಳಿತಿದ್ದೇನೆ. ನಿನ್ನ ಜೊತೆ ಕೆಲಸ ಮಾಡುವ ವರುಣ್ ಮುಂದಿನ ವಾರ ದಕ್ಷಿಣ ಸುಡಾನಿಗೆ, ನಿಮ್ಮ ಕ್ಯಾಂಪಿಗೇ ಹೊರಟಿದ್ದಾನೆ. ಅವನ ಕೈಯಲ್ಲಿ ಹುಳಿಪುಡಿಯ ಜೊತೆ ಇದನ್ನೂ ಕಳಿಸುತ್ತೇನೆ.

ಭಾನುವಾರ ಅವನನ್ನು ಊಟಕ್ಕೆ ಕರೆದಿದ್ದೆ. "ಆಂಟಿ, ನಿಮ್ ಮಗಳ ಧೈರ್ಯ ನಿಮ್ಗೆ ಗೊತ್ತಾ?" ಎಂದು ಅವನೇ ಶುರು ಮಾಡಿದ. ನಾರುಹುಣ್ಣನ್ನು ಭೂಮಿಯ ಮೇಲಿಂದಲೇ ತೊಲಗಿಸುತ್ತೇವೆ ಎಂದು ಹೊರಟವರು ನೀವು. ಹೋದ ವರ್ಷ ಒಂದು ಹಳ್ಳಿಯ ಕೆರೆಗೆ ಔಷಧಿ ಹಾಕಲು ಹೋದಾಗ ಜನ ವಿಷ ಎಂದು ಅಡ್ಡ ನಿಂತರಂತೆ. ಎರಡು ಕಡೆಯಿಂದಲೂ ಗುಂಡು ಹಾರುವ ಊರಿನಲ್ಲಿ ಪಾಪ, ಅವರಾದರೂ ಯಾರನ್ನು ನಂಬಬೇಕು? ನೀನು ಔಷಧಿ ಸುರಿದ ಕೂಡಲೇ ಅದೇ ಕೆರೆಯಿಂದ ಒಂದು ಲೋಟ ಮೊಗೆದು ಎಲ್ಲರೆದುರು ಗಟಗಟ ಕುಡಿದೆಯಂತೆ.

"ಸೋಸಿ ಕುಡಿದಳು ತಾನೆ?" ಎಂದೆ.

"ಸೋಸಿದ್ರೆ ವಿಷ ಬಟ್ಟೇಲಿ ಉಳ್ಕೊಳ್ತು ಅಂತಿದ್ರು ಆಂಟಿ. ಹಂಗೇ ಕುಡಿದ್ಲು. ಆಮೇಲೆ ಊರಿಗೂರೇ ನಮ್ ಮಾತು ಕೇಳ್ತು."

ಹುಡುಗ ಹೆಮ್ಮೆಯಿಂದ ಹೇಳಿ ಇನ್ನೊಂದು ಸೌಟು ಸಾರು ಹಾಕಿಸಿಕೊಂಡ. ನಾನು ಬೆರಳು ಮಡಿಸಿ ತಿಂಗಳು ಎಣಿಸಿದೆ. ಔಷಧಿ ಕೆಲಸ ಮಾಡಲು ಹೊತ್ತು ಬೇಕು, ಅಲ್ಲಿಯವರೆಗೆ ಸೋಸದೆ ಕುಡಿಯಬೇಡಿ ಎಂದು ಊರಿಗೆಲ್ಲ ಹೇಳುವ ಡಾಕ್ಟರು ನೀನು. ನೀರಿನ ಜೊತೆ ಹೊಟ್ಟೆಗೆ ಹೋದ ಹುಳು ವರ್ಷವಿಡೀ ಸದ್ದಿಲ್ಲದೆ ಒಳಗೇ ಬೆಳೆದು, ಆಮೇಲೆ ಕಾಲಲ್ಲಿ ಗುಳ್ಳೆ ಎಬ್ಬಿಸಿ ದಾರದ ಹಾಗೆ ಹೊರಗೆ ಬರುತ್ತದೆ ಎಂದು ನನಗೆ ಹೇಳಿಕೊಟ್ಟವಳೂ ನೀನೇ. ನೀನು ಆ ನೀರು ಕುಡಿದು ಈಗ ವರ್ಷ ಕಳೆಯಿತು.

ಜನವರಿಯಲ್ಲೇ ಬರಬೇಕಾಗಿದ್ದವಳು ಬರಲಿಲ್ಲ. ಕಾದಾಟ ಜೋರಾಗಿದೆ, ವಿಮಾನವಿಲ್ಲ ಎಂದೆ. ವರುಣ್ ಬಂದು ಇಳಿಯುವ ವಿಮಾನವನ್ನು ನೀನು ಹತ್ತಲು ಏನು ಅಡ್ಡಿ? ಮೊದಲೆಲ್ಲ ವಿಡಿಯೋ ಕಾಲ್‌ನಲ್ಲಿ ಕ್ಯಾಂಪ್ ಪೂರ್ತಿ ಓಡಾಡಿ ತೋರಿಸುತ್ತಿದ್ದೆ. ಈಗ ಬರೀ ಮುಖ, ಹಿಂದೆ ಅದೇ ಗೋಡೆ. "ಎಲ್ಲಿ, ಎದ್ದು ನಿಲ್ಲು" ಎಂದರೆ "ಮೀಟಿಂಗ್ ಇದೆ, ಇಡ್ತೀನಮ್ಮ" ಎನ್ನುತ್ತೀಯ. ಹುಳು ಬಂದವರ ಕಾಲು ನೀರಿಗೆ ಸೋಕಿದರೆ ರೋಗ ಮತ್ತೆ ಕೆರೆ ಸೇರುತ್ತದೆಂದು ಅವರನ್ನು ಒಂದೇ ಕಡೆ ಕೂರಿಸಿ ನೋಡಿಕೊಳ್ಳುತ್ತೀರಲ್ಲ, ನಿನ್ನನ್ನೂ ಅಲ್ಲೇ ಕೂರಿಸಿದ್ದಾರೆ ಎಂದು ನನ್ನ ಗುಮಾನಿ. ಇಲ್ಲೇ ಪಕ್ಕದ ಸಿಯಾಟಲ್‌ನ ನಿಮ್ಮ ಆಫೀಸಿಗೂ ಫೋನ್ ಮಾಡಿದ್ದೆ. ಆ ಹೆಂಗಸು ಅತಿ ನಯವಾಗಿ ಮಾತಾಡಿದಳು. ಅಷ್ಟು ನಯ ನನಗೆ ಸರಿಬರಲಿಲ್ಲ.

ನಿಮ್ಮಪ್ಪ ರೆಂಟನ್ನಿನಲ್ಲಿ ಕೆಲಸ ಮುಗಿಸಿ ಬಂದ ಮೇಲೆ ಇದನ್ನೆಲ್ಲ ಹೇಳಿಕೊಂಡೆ. "ನಿಂಗೆ ಎಲ್ಲಾದ್ರಲ್ಲೂ ಅನುಮಾನ ಕಣೇ, ಸುಮ್ನಿರು" ಎಂದರು. ಇರಬಹುದು. ಈ ಅನುಮಾನ ಸುಳ್ಳಾಗಲಿ ಎಂದೇ ದಿನಾ ದೀಪ ಹಚ್ಚುತ್ತಿದ್ದೇನೆ. ನೀನು ಮಾಡಿದ್ದು ತಪ್ಪು ಎನ್ನಲಾರೆ, ಆ ಊರಿನ ಮಕ್ಕಳು ನಿನ್ನಿಂದ ಉಳಿದುಕೊಂಡರು. ಆದರೂ ನನಗೆ ಭಯವಾಗುತ್ತಿದೆ ಪುಟ್ಟಿ. ಕಾಗದ ಸಿಕ್ಕಿದ ದಿನ ವಿಡಿಯೋ ಕಾಲ್ ಮಾಡಿ ಎರಡೂ ಪಾದ ತೋರಿಸು, ಬೇರೇನೂ ಕೇಳುವುದಿಲ್ಲ.

ನಿನ್ನ ಕೈ ಮುಟ್ಟಿದವರೆಲ್ಲ ಗುಣವಾಗಲಿ. ನೀನೂ ಗಟ್ಟಿಯಾಗಿ ಮನೆಗೆ ಬಾ.

ನಿನ್ನ ಅಮ್ಮ,
ವಸಂತಲಕ್ಷ್ಮಿ

ತಾ.ಕ.: ಲಕೋಟೆಗೆ ಹಾಕುವ ಮುಂಚೆ ಇದನ್ನು ನಿಮ್ಮಪ್ಪನಿಗೆ ಓದಲು ಕೊಟ್ಟೆ. ಓದಿ, ಕನ್ನಡಕ ತೆಗೆದು ಒರೆಸುತ್ತಾ ಕೂತರು. ಆಮೇಲೆ, "ಹುಳು ಅರ್ಧ ಹೊರಗೆ ಬಂದಿದೆಯಂತೆ ಕಣೇ. ಅವಸರಕ್ಕೆ ಎಳೆದ್ರೆ ತುಂಡಾಗುತ್ತಂತೆ, ದಿನಾ ಸ್ವಲ್ಪ ಸ್ವಲ್ಪನೇ ಕಡ್ಡಿಗೆ ಸುತ್ತಬೇಕಂತೆ. ಅಮ್ಮಂಗೆ ಹೇಳ್ಬೇಡಿ ಅಂದಿದ್ಲು" ಎಂದರು. ನೋವಿನ ಮಾತ್ರೆ ತಪ್ಪಿಸಬೇಡ. ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಮಲಗು. ಕಂಡರಿಯದ ಒಂದು ಊರು ನಿನ್ನನ್ನು ನಂಬಲಿ ಎಂದು ಆ ನೀರು ಕುಡಿದೆಯಲ್ಲ, ಹೆತ್ತ ನನ್ನನ್ನು ನಂಬಲು ನಿನಗೆ ಆಗಲಿಲ್ಲವೇ?