ಕಾನ್‌ಸ್ಟೇಬಲ್ಲನ ಕೊರಳಲ್ಲಿ ಅಳತೆ ಟೇಪು

ಮನೆಯಿಂದ,
ಭಾನುವಾರ ಬೆಳಗ್ಗೆ, ಮಾರ್ಚ್ ೯

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಅಣ್ಣನ ಮನೆಯ ಮೆಟ್ಟಿಲು ಇಳಿಯುವಾಗ ಯಾರದಾದರೂ ಕೈ ಹಿಡಿದುಕೋ, ಹಟ ಮಾಡಬೇಡ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಕಣ್ಣಿನ ಪೊರೆಯ ಆಪರೇಷನ್ ಮಾತು ಎತ್ತಿದ ಕೂಡಲೇ ನೀನು ಫೋನನ್ನು ಅತ್ತಿಗೆಗೆ ದಾಟಿಸಿಬಿಡುತ್ತೀಯ. ಕಾಗದವನ್ನಾದರೆ ಅತ್ತಿಗೆ ಕೊನೆಯವರೆಗೂ ಓದಿ ಹೇಳುತ್ತಾರೆ. ಇಂಗ್ಲಿಷ್ ಶಾಲೆಯ ನನ್ನ ಕನ್ನಡವನ್ನು ಅವರೇ ತಿದ್ದಿಕೊಳ್ಳಲಿ.

ಅಮ್ಮಾ, ಅಪ್ಪ ಸಿಕ್ಕಿದರು! ತೀರಿಹೋಗಿ ಇಷ್ಟು ವರ್ಷಗಳಾದ ಮೇಲೆ, ನಿನ್ನೆ ಸಂಜೆ, ನನ್ನ ಲ್ಯಾಪ್‌ಟಾಪಿನಲ್ಲಿ. ಅತ್ತಿಗೆ, ಈ ಸಾಲನ್ನು ಇನ್ನೊಮ್ಮೆ ಓದಿ. ಅಪ್ಪ ಯೂನಿಫಾರ್ಮ್ ಹೊಲಿದುಕೊಡುತ್ತಿದ್ದ ಆ ಹಳೆಯ ಪೊಲೀಸ್ ಧಾರಾವಾಹಿಯನ್ನು ಯಾರೋ ಪುಣ್ಯಾತ್ಮರು ಇಂಟರ್ನೆಟ್ಟಿಗೆ ಹಾಕಿದ್ದಾರೆ. ಗಡಿಯಾರದಂಗಡಿಯ ಕಳ್ಳತನದ ಕಂತು ನೆನಪಿದೆಯಲ್ಲ? ಬರಬೇಕಾದ ನಟ ಬಾರದೆ, ಅಪ್ಪನನ್ನೇ ಕಾನ್‌ಸ್ಟೇಬಲ್ ಮಾಡಿ ನಿಲ್ಲಿಸಿದರು ಎಂದು ಅವರು ಹೇಳುತ್ತಿದ್ದ ಕಂತು. ಅಳತೆ ಕೊಡಲು ಯಾರೂ ಸಿಗದಾಗ ತಮ್ಮ ಮೈ ಅಳತೆಗೇ ಹೊಲಿದುಬಿಡುವ ಅವರ ಅಭ್ಯಾಸ ಅವತ್ತು ಕೆಲಸಕ್ಕೆ ಬಂತಂತೆ.

ಅವರು ಬೀದಿಯವರನ್ನೆಲ್ಲ ಕರೆದು ನಮ್ಮ ಟೀವಿಯ ಮುಂದೆ ಕೂರಿಸಿದ್ದು, ಸರಿಯಾಗಿ ಅವರ ದೃಶ್ಯ ಬರುವ ಹೊತ್ತಿಗೆ ಕರೆಂಟು ಹೋಗಿದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಅವತ್ತಿನಿಂದ ಬೀದಿಗೆಲ್ಲ ಅವರು ‘ಕತ್ತಲೆ ಕಾನ್‌ಸ್ಟೇಬಲ್’. ನೀನೇನು ಕಡಿಮೆಯೇ? "ಅಲ್ರೀ, ಬಟ್ಟೆಗೆ ಅಳತೆ ತಗೋತೀರಿ, ಸುಳ್ಳಿಗೂ ಒಂದು ಅಳತೆ ಬೇಡ್ವಾ?" ಎಂದಿದ್ದೆ. ಅವರು ಸೂಜಿಗೆ ದಾರ ಪೋಣಿಸುತ್ತಲೇ, "ನಗು ನಗು. ಒಂದಲ್ಲ ಒಂದಿನ ನೀನೇ ಕಣ್ಣಾರೆ ನೋಡ್ತೀಯ" ಅನ್ನುತ್ತಿದ್ದರು.

ಸುಳ್ಳಲ್ಲ ಅಮ್ಮಾ! ಇನ್ಸ್‌ಪೆಕ್ಟರ್ ಮೇಜು ಕುಟ್ಟಿ ಕಳ್ಳನನ್ನು ಗದರಿಸುತ್ತಿದ್ದಾನೆ. ಹಿಂದೆ ಬಾಗಿಲ ಬಳಿ ಅಪ್ಪ, ಎದೆಯುಬ್ಬಿಸಿಕೊಂಡು, ಮೀಸೆ ತೀಡಿಕೊಂಡು. ಕೊರಳಲ್ಲಿ ಅಳತೆ ಟೇಪು! ತೆಗೆದಿಡಲು ಮರೆತಿದ್ದಾರೆ. ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಂತಿಲ್ಲ. ಕಳ್ಳ ಅಳುತ್ತಿದ್ದರೆ ಅಪ್ಪನ ಗಮನವೆಲ್ಲ ಇನ್ಸ್‌ಪೆಕ್ಟರನ ತೋಳಿನ ಹೊಲಿಗೆಯ ಮೇಲೆ. ನಾನು ಒಬ್ಬಳೇ ಕೂತು ನಕ್ಕು, ಅತ್ತು, ಮತ್ತೆ ಹಿಂದಕ್ಕೆ ಓಡಿಸಿ ನೋಡಿದೆ. ಮುಖ ಹೋಲುವ ಬೇರೆ ಯಾರನ್ನೋ ಅಪ್ಪ ಅಂದುಕೊಳ್ಳುತ್ತಿದ್ದೇನೆಯೇ ಎಂದು ನನ್ನನ್ನೇ ಕೇಳಿಕೊಂಡೆ. ಆದರೆ ಕೊರಳಲ್ಲಿ ಟೇಪು ಹಾಕಿಕೊಂಡೇ ಊಟಕ್ಕೆ ಕೂರುತ್ತಿದ್ದವರು ಇನ್ಯಾರಿದ್ದಾರೆ?

"ಇನ್ನು ನೋಡೋಕೆ ಏನುಳಿದಿದೆ ಬಿಡೇ, ಆಪರೇಷನ್ ಯಾಕೆ" ಎಂದಿದ್ದೆಯಲ್ಲ ನೀನು. ಈಗ ಬರೆಯುತ್ತಿರುವುದು ಅದಕ್ಕೆ ಉತ್ತರವೋ, ನಿನ್ನನ್ನು ಒಪ್ಪಿಸುವ ಉಪಾಯವೋ, ನನಗೂ ಸರಿಯಾಗಿ ತಿಳಿಯದು. ಎರಡೂ ಇರಬಹುದು.

ಅಣ್ಣ ಅತ್ತಿಗೆಗೆ ನನ್ನ ನೆನಪು ತಿಳಿಸು. ನಿನ್ನ ಕೈ ನನ್ನ ತಲೆಯ ಮೇಲಿರಲಿ.

ನಿನ್ನ,
ಪುಟ್ಟಿ

ತಾ.ಕ.: ಒಂದನ್ನು ಬೇಕೆಂದೇ ಬರೆದಿಲ್ಲ. ದೃಶ್ಯ ಮುಗಿಯುವ ಮುನ್ನ ಅಪ್ಪ ಒಂದು ಕ್ಷಣ ಕ್ಯಾಮೆರಾದತ್ತ ತಿರುಗಿ ಏನೋ ಮಾಡುತ್ತಾರೆ. ಅದು ನಿನಗೆಂದೇ ಮಾಡಿದ್ದು, ಖಂಡಿತ. ಅಣ್ಣ ಗೋಗರೆದರೂ ನಾನು ಹೇಳುವುದಿಲ್ಲ, ಅತ್ತಿಗೆಗೂ ಅಷ್ಟೇ. ೨೦ನೇ ತಾರೀಖು ಗುರುವಾರ ಆಪರೇಷನ್ ಮಾಡಲು ಡಾಕ್ಟರಿಗೆ ಬಿಡುವಿದೆಯಂತೆ. ಹೂಂ ಅನ್ನು. ಕಣ್ಣಿನ ಪಟ್ಟಿ ಬಿಚ್ಚುವಾಗ ಲ್ಯಾಪ್‌ಟಾಪ್ ಹಿಡಿದು ನಿನ್ನೆದುರೇ ಕೂತಿರುತ್ತೇನೆ.